ಗಂಡಸರಿಗೆ ಸ್ಕರ್ಟ್: ಸೊಂಟಕ್ಕೆ ಸರಿ, ಪಕ್ಕದಲ್ಲಿ ಉಬ್ಬು. ಸರಿ ಮಾಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಪಂಚೆ, ಲುಂಗಿಯಲ್ಲೇ ಬೆಳೆದವನು ನಾನು. ಈಗ ಸ್ಕರ್ಟ್ ಇಷ್ಟವಾಗಿದೆ. ನನ್ನ ಸೊಂಟ 34 ಇಂಚು, ಸೀಟು (ಹಿಂಭಾಗ ಸೇರಿ ಸುತ್ತಳತೆ) 38. ಹೆಂಗಸರ ರೆಡಿಮೇಡ್ ಕಾಟನ್ ಸ್ಕರ್ಟ್ ತಂದೆ. ಸೊಂಟಕ್ಕೇನೋ ಕೂತಿತು, ಆದರೆ ಎರಡೂ ಪಕ್ಕ ಜೋಳಿಗೆ ಥರ ಉಬ್ಬುತ್ತದೆ. ನಾಲ್ಕು ಹೆಜ್ಜೆ ಹಾಕಿದರೆ ಪಕ್ಕದ ಜಿಪ್ಪು ಹೊಟ್ಟೆಯ ಮೇಲೆ ಬರುತ್ತದೆ. ಒಬ್ಬ ಟೈಲರ್ "ಇದೆಲ್ಲ ಆಗಲ್ಲ" ಅಂದುಬಿಟ್ಟರು. ತುಂಬಾ ಬೇಜಾರಾಯಿತು.

ಉತ್ತರ:
ಬೇಜಾರು ಬೇಡ ತಮ್ಮಾ, ಖಂಡಿತ ಆಗುತ್ತದೆ. ನಾನು ಲೇಡೀಸ್ ಟೈಲರ್. ಹೆಂಗಸರ ಸ್ಕರ್ಟಿನಲ್ಲಿ ಸೊಂಟಕ್ಕೂ ಸೀಟಿಗೂ ಸುಮಾರು 10 ಇಂಚು ವ್ಯತ್ಯಾಸ ಇಟ್ಟು ಕತ್ತರಿಸುತ್ತಾರೆ. ನಿಮ್ಮದು ಬರೀ 4. ಉಳಿದ ಬಟ್ಟೆಯೇ ಆ ಜೋಳಿಗೆ.

ಹಾಗಾಗಿ ಸೊಂಟ ನೋಡಿ ಕೊಳ್ಳಬೇಡಿ, ಸೀಟು ನೋಡಿ ಕೊಳ್ಳಿ. ಸೊಂಟ 32 ಇರುವುದು ತನ್ನಿ. ಹಿಂಭಾಗದಲ್ಲಿ ಸೊಂಟದಿಂದ ಕೆಳಗೆ ಎರಡು ಚೂಪು ಡಾರ್ಟ್ (ಬಟ್ಟೆ ಮಡಿಚಿ ಹಾಕಿದ ಹೊಲಿಗೆ) ಇರುತ್ತವೆ ನೋಡಿ, ಅವನ್ನು ಬಿಚ್ಚಿಸಿ. ಒಂದೊಂದರಲ್ಲಿ ಒಂದಿಂಚು ಸಿಕ್ಕಿದರೂ ಸೊಂಟ 34 ಆಯಿತು. ಮೇಲಿನ ಪಟ್ಟಿ ಮಾತ್ರ ಹೊಸದು ಹಾಕಬೇಕು. ಆಮೇಲೂ ಉಬ್ಬಿದರೆ ಸ್ಕರ್ಟನ್ನು ಒಳಮಗ್ಗುಲಾಗಿ ಹಾಕಿಕೊಂಡು ಪಕ್ಕದ ಹೊಲಿಗೆಗೆ ಗುಂಡುಪಿನ್ನು ಚುಚ್ಚುತ್ತಾ ಬನ್ನಿ. ಕೂತು ಎದ್ದು ನೋಡಿ. ಕೂರುವುದಕ್ಕೆ ಎರಡಿಂಚು ಸಡಿಲ ಬೇಕೇ ಬೇಕು, ಜಾಸ್ತಿ ಬಿಗಿ ಮಾಡಬೇಡಿ.

ಇನ್ನೊಂದು ಮಾತು. 34 ಅನ್ನುವುದು ಪ್ಯಾಂಟಿನ ಲೇಬಲ್ ನೋಡಿ ಹೇಳಿದ್ದಾ? ಪ್ಯಾಂಟು ಹೊಕ್ಕುಳಿನ ಕೆಳಗೆ ನಿಲ್ಲುತ್ತದೆ. ಸ್ಕರ್ಟ್ ಎಲ್ಲಿ ನಿಲ್ಲಬೇಕೋ ಅಲ್ಲೇ ಟೇಪು ಹಿಡಿಯಿರಿ.

ಮತ್ತೊಬ್ಬರ ಉತ್ತರ:
ಹೊಸದೇ ಹೊಲಿಸುವುದಾದರೆ ಅಂಬ್ರೆಲಾ ಕಟ್ (ಪೂರ್ತಿ ವೃತ್ತಾಕಾರದ ಸ್ಕರ್ಟ್) ಒಳ್ಳೆಯದು. ಅದಕ್ಕೆ ಸೀಟಿನ ಲೆಕ್ಕವೇ ಬೇಡ. ಸೊಂಟವನ್ನು 6.28ರಿಂದ ಭಾಗಿಸಿ: 34ಕ್ಕೆ 5.4 ಇಂಚು. ಬಟ್ಟೆಯ ನಡುವೆ ಸೊಂಟಕ್ಕೆ ಅಷ್ಟು ತ್ರಿಜ್ಯದ ವೃತ್ತ ಗುರುತು ಮಾಡಿ, ಆದರೆ ಸ್ವಲ್ಪ ಒಳಗೇ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದುಕೊಳ್ಳುತ್ತದೆ. ಅಂಚು ಮಡಿಚುವ ಮೊದಲು ಒಂದು ರಾತ್ರಿ ನೇತುಹಾಕಿ, ಇಲ್ಲದಿದ್ದರೆ ಕೆಳಗೆ ಏರುಪೇರಾಗುತ್ತದೆ.

ಪ್ರಶ್ನೆ ಕೇಳಿದವರು:
ಅಕ್ಕಾ, ಟೇಪು ಹಿಡಿದೆ. ಹೊಕ್ಕುಳಿನ ಹತ್ತಿರ 35 ಇದೆ! ಡಾರ್ಟ್ ಬಿಚ್ಚಿಸಿ, ಪಟ್ಟಿ 35ಕ್ಕೆ ಇಡಿಸಿದೆ. ಇವತ್ತು ಮಾರ್ಕೆಟ್ಟಿಗೆ ಹೋಗಿಬಂದೆ, ಜಿಪ್ಪು ಇದ್ದಲ್ಲೇ ಇತ್ತು. ಒನ್ ಪೀಸ್ ಡ್ರೆಸ್ಸಿಗೂ ಇದೇ ಲೆಕ್ಕಾನಾ?

ಉತ್ತರ:
ಇಲ್ಲ, ಅಲ್ಲಿ ಭುಜ ಮೊದಲು. ಭುಜಕ್ಕೆ ಸರಿಯಾದದ್ದು ತನ್ನಿ, ಎದೆಯ ಡಾರ್ಟ್ ಇಲ್ಲದ್ದು. ಸೊಂಟದಲ್ಲಿ ಜೋಡಣೆಯ ಹೊಲಿಗೆಯೂ ಬೇಡ, ನಿಮಗದು ಪಕ್ಕೆಲುಬಿನ ಮೇಲೆ ಬಂದು ಕೂರುತ್ತದೆ. ಅಂಗಡಿಯಲ್ಲೇ ಎರಡೂ ಕೈ ಮೇಲೆತ್ತಿ ನೋಡಿ. ಕಂಕುಳಲ್ಲಿ ಹಿಡಿದರೆ ಬಿಟ್ಟುಬನ್ನಿ.