ಪೆಡಲ್ ಸ್ಟೀಲ್‌ನಲ್ಲಿ ಬೀಬಾಪ್ ಸ್ಪೀಡು: ಬಾರ್ ಓಡಿಸ್ಬೇಕಾ, ಪೆಡಲ್ ಒತ್ಬೇಕಾ?

ಬನಶಂಕರಿ_ಸ್ಟೀಲ್:
ಎಲ್ರಿಗೂ ನಮಸ್ಕಾರ. ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ನುಡಿಸ್ಕೊಂಡಿದ್ದೋನು ನಾನು. ಈಗ ಸೆಕೆಂಡ್ ಹ್ಯಾಂಡ್ ಡಬಲ್ ನೆಕ್ ಪೆಡಲ್ ಸ್ಟೀಲ್ (ಮಲಗಿಸಿಟ್ಟು ತಂತಿ ಮೇಲೆ ಲೋಹದ ಬಾರ್ ಜಾರಿಸ್ತಾ, ಕಾಲಲ್ಲಿ ಪೆಡಲ್ ಒತ್ತಿ ಸ್ವರ ಬದಲಾಯಿಸೋ ಗಿಟಾರ್, ಎರಡು ಸಾಲು ತಂತಿ ಇರೋದು) ಒಂದು ಸಿಕ್ಕಿದೆ, ಲಿಫ್ಟ್ ಇಲ್ಲದ ಬಿಲ್ಡಿಂಗ್‌ನಲ್ಲಿ ಮೇಲಕ್ಕೆ ಹೊತ್ಕೊಂಡು ಬರೋಷ್ಟ್ರಲ್ಲಿ ಸೊಂಟ ಹಿಡ್ಕೊಂತು, ಇರ್ಲಿ ಬಿಡಿ. ಸ್ಲೋ ಹಾಡೆಲ್ಲ ಚೆನ್ನಾಗೇ ಬರುತ್ತೆ. ಆದ್ರೆ ನನ್ನ ಹುಚ್ಚು ಬೀಬಾಪ್, ಅದೇ ಆ ಸ್ಪೀಡಿನ ಜಾಝ್. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರ 'ಕನ್ಫರ್ಮೇಶನ್' ನುಡಿಸ್ಬೇಕು ಅಂತ ಸಿ6 ನೆಕ್‌ನಲ್ಲಿ (ಸಿ6 ಅನ್ನೋ ಶ್ರುತಿಯ ತಂತಿ ಸಾಲು) ಕೂತಿದೀನಿ, ಎಫ್ ಕೀ (ಎಫ್ ಷಡ್ಜ), 5ನೇ ಫ್ರೆಟ್‌ನಲ್ಲಿ (ಸ್ವರದ ಜಾಗ ತೋರಿಸೋ ಗೆರೆ) ಬಾರ್ ಇಟ್ಕೊಂಡು ಪೆಡಲ್ ಒತ್ತಿ ಒತ್ತಿ ನುಡಿಸ್ತೀನಿ. ಟೆಂಪೋ ನಿಮಿಷಕ್ಕೆ 120 ಬೀಟ್ ತನಕ ಓಕೆ, 200ರ ಹತ್ರ ಹೋದ್ರೆ ಕಾಲು ಕೈ ಕೊಡುತ್ತೆ. ಸರಿ ಅಂತ ಪೆಡಲ್ ಬಿಟ್ಟು ಬಾರ್ ಓಡಿಸಿದ್ರೆ ಪ್ರತಿ ಸ್ವರಕ್ಕೂ ಕುಂಯ್ ಕುಂಯ್ ಅನ್ನುತ್ತೆ, ಹಳೇ ಪಿಚ್ಚರ್‌ನಲ್ಲಿ ಹೀರೋಯಿನ್ ತಾಯಿ ಸಾಯೋ ಸೀನ್ ಥರ. ಏನ್ ಮಾಡೋದು?

ಕೊಂಬು_ಪ್ರಿಯ:
ಗುರು, ಸ್ಯಾಕ್ಸೋಫೋನ್ ತಗೊಳ್ಳಿ, ಸೊಂಟನೂ ಉಳಿಯುತ್ತೆ 😀 ಸೀರಿಯಸ್ಸಾಗಿ ಕೇಳ್ತೀನಿ, ಜಾರೋಕೇ ಅಂತ ಮಾಡಿರೋ ವಾದ್ಯದಲ್ಲಿ ಜಾರದೇ ಇರೋ ಸಂಗೀತ ಯಾಕೆ?

ಮಲ್ಲೇಶ್ವರಂ_ಸಿ6:
@ಕೊಂಬು_ಪ್ರಿಯ ಯಾಕೆ ಅಂದ್ರೆ ಆಗುತ್ತೆ, ಅದಕ್ಕೆ. ಪೆಡಲ್ ಸ್ಟೀಲ್ ವಾದಕ ಬಡಿ ಎಮನ್ಸ್ 1963ರಲ್ಲೇ 'ಸ್ಟೀಲ್ ಗಿಟಾರ್ ಜಾಝ್' ಅನ್ನೋ ಆಲ್ಬಮ್ ಮಾಡಿದಾರೆ, ಜೆರೋಮ್ ರಿಚರ್ಡ್‌ಸನ್ ಸ್ಯಾಕ್ಸ್, ಆರ್ಟ್ ಡೇವಿಸ್ ಬೇಸ್, ಚಾರ್ಲಿ ಪರ್ಸಿಪ್ ಡ್ರಮ್ಸ್, ಎಲ್ಲಾ ಪಕ್ಕಾ ಜಾಝ್ ಜನ. ಅದರಲ್ಲಿ ಸೋನಿ ರಾಲಿನ್ಸ್ 'ಓಲಿಯೋ' ಇದೆ, ಒಂದ್ಸಲ ಕೇಳಿ ಆಮೇಲೆ ಮಾತಾಡೋಣ.

ಈಗ ಬನಶಂಕರಿ ಸರ್ ವಿಷ್ಯ. 200 ಟೆಂಪೋದಲ್ಲಿ ಒಂದು ಎಯ್ತ್ ನೋಟ್‌ಗೆ (ಅರ್ಧ ಬೀಟಿನ ಸ್ವರ) ಸಿಗೋ ಟೈಮು 0.15 ಸೆಕೆಂಡ್. ನೀವು 5ನೇ ಫ್ರೆಟ್‌ನಲ್ಲಿ ಇದ್ರೆ, ಸ್ಟ್ಯಾಂಡರ್ಡ್ ಸೆಟಪ್ ಅನ್ಕೊಂಡು ಹೇಳ್ತಿದೀನಿ, 7ನೇ ಪೆಡಲ್ ಒತ್ತಿದ್ರೆ 3ನೇ ಸ್ಟ್ರಿಂಗು ಎಫ್ ಇಂದ ಜಿ ಆಗುತ್ತೆ, 4ನೇದು ಡಿ ಇಂದ ಇ ಆಗುತ್ತೆ. ಹಂಗಾದ್ರೆ ಇ-ಎಫ್-ಜಿ ಅಂತ ಮೂರು ಸ್ವರ ಸಾಲಾಗಿ ಬಂತು ಅಂದ್ರೆ ಒತ್ತು, ಬಿಡು, ಒತ್ತು. ಆ ಸ್ಪೀಡ್‌ನಲ್ಲಿ ಯಾರ ಕಾಲೂ ಅಷ್ಟು ಕ್ಲೀನಾಗಿ ಮಾಡಲ್ಲ. ಪೇಪರ್ ಮೇಲೆ ಪೂರ್ತಿ ಎಫ್ ಸ್ಕೇಲ್ (ಎಫ್, ಜಿ, ಎ, ಬಿ ಫ್ಲಾಟ್, ಸಿ, ಡಿ, ಇ) 5ನೇ ಫ್ರೆಟ್‌ನಲ್ಲೇ ಸಿಗುತ್ತೆ ಅನ್ನೋದು ನಿಜ, ಆ ಆಸೆಗೇ ಎಲ್ರೂ ಅಲ್ಲಿ ಸಿಕ್ಕಾಕೊಳ್ಳೋದು.

ಮೇಲಕ್ಕೆ ಹೋಗಿ, 10 ಮತ್ತು 12ನೇ ಫ್ರೆಟ್‌ಗೆ. ಮೊದಲನೇ ಸ್ಟ್ರಿಂಗು ಜಿ ಇದ್ರೆ ಮೇಲಿನ ಐದು ಸ್ಟ್ರಿಂಗ್‌ನಲ್ಲಿ 10ನೇ ಫ್ರೆಟ್‌ಗೆ ಎಫ್, ಡಿ, ಬಿ ಫ್ಲಾಟ್, ಜಿ, ಮತ್ತೆ ಎಫ್. 12ಕ್ಕೆ ಜಿ, ಇ, ಸಿ, ಎ, ಜಿ. ಪೆಡಲ್ ಮುಟ್ಟದೇ ಎಫ್ ಸ್ಕೇಲ್ ಪೂರ್ತಿ ಆಯ್ತಲ್ಲ! ತಂತಿ ಉದ್ದ 24 ಇಂಚು ಇರೋ ಗಿಟಾರ್‌ನಲ್ಲಿ ಆ ಎರಡರ ನಡುವೆ ಸುಮಾರು ಒಂದೂವರೆ ಇಂಚು ಅಷ್ಟೇ, 5ರಿಂದ 7ಕ್ಕೆ ಹೋಗ್ಬೇಕಾದ್ರೆ ಹತ್ರ ಹತ್ರ ಎರಡಿಂಚು. ಇನ್ನೊಂದು ಮಜಾ ಏನಂದ್ರೆ ಮಧ್ಯ ಇರೋ 11ನೇ ಫ್ರೆಟ್‌ನಲ್ಲಿ ಸ್ಕೇಲಿನ ಹೊರಗಿನ ಐದರಲ್ಲಿ ನಾಲ್ಕು ಸ್ವರ ಕಾಯ್ಕೊಂಡ್ ಕೂತಿರುತ್ವೆ. ಡಿ ಫ್ಲಾಟ್ ಒಂದಕ್ಕೆ ಮಾತ್ರ 9ಕ್ಕೋ 13ಕ್ಕೋ ಹೋಗ್ಬೇಕು. ಬೀಬಾಪ್ ಅಂದ್ರೆ ಒಂದು ಸ್ವರನ ಮೇಲಿಂದ ಕೆಳಗಿಂದ ಸುತ್ತಿ ಹಿಡಿಯೋದು ತಾನೇ, ಸಿ ಹಿಡೀಬೇಕಾ? 10ರಲ್ಲಿ 2ನೇ ಸ್ಟ್ರಿಂಗ್ ಡಿ, 11ರಲ್ಲಿ 3ನೇ ಸ್ಟ್ರಿಂಗ್ ಬಿ, 12ರಲ್ಲಿ ಅದೇ ಸ್ಟ್ರಿಂಗ್ ಸಿ. ಬಾರು ಒಂದೇ ದಿಕ್ಕಿಗೆ ಹೋಗುತ್ತೆ, ಕಿವಿಗೆ ಮಾತ್ರ ಮೇಲೆ ಕೆಳಗೆ ಮೇಲೆ ಕೇಳುತ್ತೆ.

ಪೆಡಲ್ ಬೇಡ್ವೇ ಬೇಡ ಅಂತಲ್ಲ. ಸ್ಯಾಕ್ಸ್‌ನೋರು ನಾಲಿಗೆ ಹೊಡೀದೆ ಎರಡು ಸ್ವರ ಅಂಟಿಸ್ತಾರಲ್ಲ, ಆ ಜಾಗ ರೆಕಾರ್ಡಿಂಗ್‌ನಲ್ಲಿ ಕೇಳಿ ಗುರುತು ಹಾಕ್ಕೊಳ್ಳಿ, ಅಲ್ಲಿ ಮಾತ್ರ ಪೆಡಲ್ಲು. ಮಿಕ್ಕಿದ್ದೆಲ್ಲ ಬಾರು ಮತ್ತು ಪಿಕ್ಕು. ಮತ್ತೆ 'ಕನ್ಫರ್ಮೇಶನ್' ಮೊದಲೇ ಬೇಡ ಸರ್, 1945ರ 'ನೌಸ್ ದ ಟೈಮ್' ತಗೊಳ್ಳಿ, ಅದೂ ಎಫ್, ಬ್ಲೂಸ್, ಒಂದೇ ಮಾತು ಮತ್ತೆ ಮತ್ತೆ ಬರುತ್ತೆ.

ಗೋಟುವಾದ್ಯ_ಜಯನಗರ:
ನಾನು ಪೆಡಲ್ ಸ್ಟೀಲ್ ಅಲ್ಲ, ಗೋಟುವಾದ್ಯ (ತಂತಿ ಮೇಲೆ ಕೋಲು ಜಾರಿಸಿ ನುಡಿಸೋ ವೀಣೆ), ಆದ್ರೆ ಕುಂಯ್ ಕುಂಯ್ ಕಷ್ಟ ಒಂದೇ. ಅದು ಎಡಗೈ ಸಮಸ್ಯೆ ಅಲ್ಲ ಅಣ್ಣ, ಬಲಗೈದು. ಬಾರು ಹೊರಡೋ ಮೊದಲೇ ಹಳೇ ಸ್ವರ ಸತ್ತಿರ್ಬೇಕು, ಬದುಕಿದ್ರೆ ಅದು ಬಾರ್ ಜೊತೆ ಎಳ್ಕೊಂಡೇ ಬರುತ್ತೆ. ನಿಮ್ಮಲ್ಲಿ ಪಾಮ್ ಬ್ಲಾಕಿಂಗ್ (ಅಂಗೈಯಿಂದ ತಂತಿ ಮುಚ್ಚೋದು), ಪಿಕ್ ಬ್ಲಾಕಿಂಗ್ (ಮೀಟೋ ಬೆರಳಿಂದಲೇ ಮುಚ್ಚೋದು) ಅಂತ ಎರಡು ಪಂಗಡ ಇದೆಯಂತಲ್ಲ, ಸ್ಪೀಡ್‌ಗೆ ನನ್ನ ಓಟು ಎರಡನೇದಕ್ಕೆ: ಹೆಬ್ಬೆರಳು ಮೀಟಿದ್ದನ್ನ ಮಧ್ಯದ ಬೆರಳು ಬಂದು ಮುಚ್ಚಿ ಮೀಟೋದು, ಅದನ್ನ ಮತ್ತೆ ಹೆಬ್ಬೆರಳು. ಇದಕ್ಕೆ ಎಕ್ಸರ್‌ಸೈಜ್ ಹುಡುಕ್ಕೊಂಡು ಅಮೆರಿಕಾ ತನಕ ಹೋಗ್ಬೇಡಿ, ನಮ್ಮ ಕರ್ನಾಟಕ ಸಂಗೀತದ ಆರಂಭದ ಪಾಠ ಜಂಟಿ ವರಸೆ ಇದೆ. ಸಸ ರಿರಿ ಗಗ ಮಮ, ಎರಡು 'ಸ' ನಡುವೆ ಕೂದಲೆಳೆಯಷ್ಟು ಮೌನ ಕೇಳ್ಬೇಕು, ಗಮಕ ಒಂಚೂರೂ ಹಾಕ್ಬಾರ್ದು (ನಮಗೆ ಅದೇ ಪ್ರಾಣಸಂಕಟ). ಒಂದನೇ ಕಾಲ, ಎರಡನೇ ಕಾಲ, ಆಮೇಲೆ ಮೂರು. ಒತ್ತು ಮಾತ್ರ ಉಲ್ಟಾ ಕೊಡಿ, ತ-ಕ-ಧಿ-ಮಿ ಅಂತ ಹೇಳ್ಕೊಂಡು ಕ ಮೇಲೆ ಮಿ ಮೇಲೆ ಹೊಡೀರಿ, ಆಗ ಅದು ಪಾಠ ಒಪ್ಪಿಸ್ದಂಗೆ ಕೇಳಲ್ಲ.

ಮಲ್ಲೇಶ್ವರಂ_ಸಿ6:
ಮೇಡಂ ಸೂಪರ್. ಆ ಒತ್ತು ತುಂಬಾ ಮುಖ್ಯ, ಫಾಸ್ಟ್ ಟೆಂಪೋದಲ್ಲಿ ಎಯ್ತ್ ನೋಟ್ಸ್ ಹೆಚ್ಚುಕಮ್ಮಿ ಸಮವಾಗೇ ಇರುತ್ವೆ, ಸ್ವಿಂಗ್ ಅನ್ನೋದು ಒತ್ತಲ್ಲೇ ಇರೋದು.

ಬನಶಂಕರಿ_ಸ್ಟೀಲ್:
ಅಯ್ಯೋ 10-12 ಈಗ್ತಾನೆ ಟ್ರೈ ಮಾಡ್ದೆ, ಕಾಲು ಸುಮ್ನೆ ಕೂತಿದೆ ಪಾಪ! ಜಂಟಿ ವರಸೆ ಇವತ್ತಿಂದಾನೇ ಶುರು. ಇನ್ನೊಂದು ಡೌಟು, ನನ್ನ ಬಾರು ಸಿಕ್ಕಾಪಟ್ಟೆ ಭಾರ ಅನ್ಸುತ್ತೆ, ಸಣ್ಣದು ಇಲ್ಲೇ ಮಾಡಿಸ್ಬೋದಾ?

ಪೀಣ್ಯ_ಲೇತ್:
ಮಾಡಿಸ್ಬೋದು. 7/8 ಇಂಚು ಸ್ಟೇನ್‌ಲೆಸ್ ರಾಡು ಪೀಣ್ಯದಲ್ಲಿ ಯಾವ ಟರ್ನಿಂಗ್ ಶಾಪ್‌ಗೆ ಕೊಟ್ರೂ ತುದಿ ಗುಂಡಗೆ ಮಾಡ್ಕೊಡ್ತಾರೆ, ಪಾಲಿಶ್ ಮಾತ್ರ ಪಕ್ಕದಲ್ಲೇ ನಿಂತು ಮಾಡಿಸಿ, ಗೀರು ಉಳಿದ್ರೆ ಸ್ಟ್ರಿಂಗ್ ಮೇಲೆ ಸರ್ ಸರ್ ಅನ್ನುತ್ತೆ. ತೀರಾ ಸಣ್ಣದು ಬೇಡ ಅಂತೀನಿ, ತೂಕ ಕಮ್ಮಿ ಆದ್ರೆ ಸಸ್ಟೇನ್, ಅಂದ್ರೆ ಸ್ವರ ಉಳಿಯೋದು, ಹೋಗುತ್ತೆ.

ಕೊಂಬು_ಪ್ರಿಯ:
'ಓಲಿಯೋ' ಕೇಳ್ದೆ. ಸ್ಯಾಕ್ಸ್ ಮಾತು ವಾಪಸ್ ತಗೊಂಡಿದೀನಿ. ಬನಶಂಕರಿ ಸರ್, ಆಂಪ್‌ನಲ್ಲಿ ರಿವರ್ಬ್ (ಪ್ರತಿಧ್ವನಿ) ಕಮ್ಮಿ ಮಾಡಿ ನುಡಿಸಿ, ಇಲ್ದಿದ್ರೆ ಅಷ್ಟು ಕಷ್ಟಪಟ್ಟು ಕತ್ತರಿಸಿದ ಸ್ವರ ಎಲ್ಲ ಮತ್ತೆ ಕಲಸಿಹೋಗುತ್ತೆ.