ಹೊರಹರಿವು ಜಾಸ್ತಿ ಇರುವ ಸಾಲು ಕೆಂಪಾಗಬೇಕು, ಆದರೆ ತಪ್ಪು ಸಾಲು ಕೆಂಪಾಗುತ್ತಿದೆ

ಪ್ರಶ್ನೆ (ಪಾಂಡವಪುರದಿಂದ):
ಮೇಡಂ, ನಮಸ್ಕಾರ. ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ನಾಟಿ ಹೊತ್ತಿಗೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ: ಕಟ್ಟೆಯಲ್ಲಿ ಇವತ್ತು ಎಷ್ಟು ಅಡಿ ಇದೆ? ಅದಕ್ಕೇ ಒಂದು ಚಿಕ್ಕ ವೆಬ್ ಪೇಜ್ ಮಾಡಿದ್ದೇನೆ. ದಿನಾಂಕ, ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ಅಂತ ನಾಲ್ಕು ಕಾಲಂ. ಬೆಳಿಗ್ಗೆ ಅಪ್ಪ ಪೇಪರ್ ನೋಡಿ ಅಂಕಿ ಓದುತ್ತಾರೆ, ನಾನು ತುಂಬುತ್ತೇನೆ. ಒಳಹರಿವಿಗಿಂತ ಹೊರಹರಿವು ಜಾಸ್ತಿ ಇರುವ ದಿನದ ಸಾಲು ಕೆಂಪಾಗಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಎರಡೂ ಸೆಲ್‌ಗಳ ಟೆಕ್ಸ್ಟ್‌ಕಂಟೆಂಟ್ (ಒಳಗಿನ ಬರಹ) ತೆಗೆದು ಹೋಲಿಸಿದೆ. ಒಳಹರಿವು 12,340, ಹೊರಹರಿವು 9,850 ಇರುವ ಸಾಲೂ ಕೆಂಪಾಯಿತು! ಬರಹವನ್ನು ಸಂಖ್ಯೆ ಮಾಡುವ ಪಾರ್ಸ್‌ಫ್ಲೋಟ್ ಹಾಕಿದೆ. ಆ ಸಾಲು ಸರಿಹೋಯಿತು, ಆದರೆ ಹೊರಹರಿವು ಬರೀ 950 ಇದ್ದ ದಿನ ಈಗ ಕೆಂಪು. ಊರವರು ನೋಡಿ ಕಟ್ಟೆ ಬರಿದಾಗುತ್ತಿದೆ ಅಂದುಕೊಂಡುಬಿಟ್ಟರೆ? ದಯವಿಟ್ಟು ದಾರಿ ತೋರಿಸಿ.

ಉತ್ತರ (ವೆಬ್ ಡೆವಲಪರ್, ಮೈಸೂರು):
ಒಳ್ಳೆ ಕೆಲಸ ಮಾಡುತ್ತಿದ್ದೀರಿ. ನಿಮ್ಮ ಹೋಲಿಕೆ ಸರಿಯಾಗಿಯೇ ಇದೆ. ತೊಂದರೆ ಎರಡು: ಹೋಲಿಸುತ್ತಿರುವುದು ಅಕ್ಷರಗಳನ್ನು, ಮತ್ತೆ ನಡುವಿನ ಆ ಅಲ್ಪವಿರಾಮ.

ಸೆಲ್‌ನಿಂದ ಬರುವುದು ಸಂಖ್ಯೆ ಅಲ್ಲ, ಬರೀ ಅಕ್ಷರಗಳ ಸಾಲು. ಅಕ್ಷರಗಳನ್ನು ಬ್ರೌಸರ್ ಎಡದಿಂದ ಒಂದೊಂದಾಗಿ ನೋಡುತ್ತದೆ. 9,850ರಲ್ಲಿ ಮೊದಲು 9, 12,340ರಲ್ಲಿ ಮೊದಲು 1. ಒಂಬತ್ತು ದೊಡ್ಡದು, ಅಲ್ಲಿಗೆ ತೀರ್ಪು ಮುಗಿಯಿತು. ಪಾರ್ಸ್‌ಫ್ಲೋಟ್ ಸಂಖ್ಯೆ ಕೊಡುತ್ತದೆ ನಿಜ, ಆದರೆ ಅಲ್ಪವಿರಾಮ ಕಂಡ ಕೂಡಲೇ ನಿಂತುಬಿಡುತ್ತದೆ. 12,340 ಅದಕ್ಕೆ ಬರೀ 12. 950 ಮಾತ್ರ ಪೂರ್ತಿ 950. ಹನ್ನೆರಡಕ್ಕಿಂತ 950 ದೊಡ್ಡದಲ್ವಾ, ಅದಕ್ಕೇ ಕೆಂಪು.

ಹಾಗಾಗಿ ಮೊದಲು ಅಲ್ಪವಿರಾಮಗಳನ್ನು ಪೂರ್ತಿ ತೆಗೆಯಿರಿ. ಅಕ್ಷರ ಬದಲಿಸುವ ರಿಪ್ಲೇಸ್‌ಗೆ ಸುಮ್ನೆ ಒಂದು ಅಲ್ಪವಿರಾಮ ಕೊಟ್ಟರೆ ಮೊದಲನೆಯದು ಮಾತ್ರ ಹೋಗುತ್ತದೆ. ಪ್ರವಾಹದ ದಿನ 1,06,000 ಅಂತ ತುಂಬಿದರೆ ಮತ್ತೆ ಕೆಡುತ್ತದೆ. ರಿಪ್ಲೇಸ್‌ಆಲ್ ಬಳಸಿ. ಆಮೇಲೆ ಟ್ರಿಮ್ (ಅಕ್ಕಪಕ್ಕದ ಖಾಲಿ ಜಾಗ ತೆಗೆಯಲು), ಆಮೇಲೆ ನಂಬರ್ (ಸಂಖ್ಯೆ ಮಾಡಲು). ಈ ಮೂರನ್ನೂ ಒಂದೇ ಫಂಕ್ಷನ್‌ನಲ್ಲಿ ಇಟ್ಟುಕೊಂಡು ಎರಡೂ ಸೆಲ್‌ಗೆ ಅದನ್ನೇ ಕರೆಯಿರಿ.

ಒಂದು ಎಚ್ಚರಿಕೆ. ಖಾಲಿ ಸೆಲ್ ಅನ್ನು ನಂಬರ್‌ಗೆ ಕೊಟ್ಟರೆ ಸೊನ್ನೆ ಬರುತ್ತದೆ. ಅಪ್ಪ ಒಂದು ದಿನ ಒಳಹರಿವು ಓದುವುದು ಮರೆತರೆ ಆ ಸಾಲು ಕೆಂಪಾಗುತ್ತದೆ. ಖಾಲಿ ಇದ್ದರೆ ಆ ಸಾಲನ್ನು ಮುಟ್ಟದೆ ಮುಂದಕ್ಕೆ ಹೋಗುವ ಹಾಗೆ ಬರೆಯಿರಿ.

ಸಾಲುಗಳನ್ನು ಕ್ವೆರಿಸೆಲೆಕ್ಟರ್‌ಆಲ್‌ನಿಂದ ಹಿಡಿಯುವಾಗ ಟಿಬಾಡಿ (ಟೇಬಲ್‌ನ ಮುಖ್ಯ ಭಾಗ) ಒಳಗಿನ ಟಿಆರ್ (ಸಾಲು) ಮಾತ್ರ ಕೇಳಿ. ಇಲ್ಲದಿದ್ದರೆ ತಲೆಬರಹದ ಸಾಲೂ ಸೇರಿಕೊಳ್ಳುತ್ತದೆ. ಸೆಲ್‌ಗಳ ಎಣಿಕೆ ಸೊನ್ನೆಯಿಂದ ಶುರು. ನಿಮ್ಮ ಒಳಹರಿವು 2, ಹೊರಹರಿವು 3. ಬಣ್ಣವನ್ನು ಸ್ಕ್ರಿಪ್ಟ್‌ನಲ್ಲಿ ಬರೆಯಬೇಡಿ, ಸಿಎಸ್‌ಎಸ್‌ನಲ್ಲಿ ಒಂದು ಕ್ಲಾಸ್‌ಗೆ ಕೊಡಿ. ಕ್ಲಾಸ್‌ಲಿಸ್ಟ್‌ನ ಟಾಗಲ್‌ಗೆ ಕ್ಲಾಸ್ ಹೆಸರು, ಅದರ ಪಕ್ಕ ಹೋಲಿಕೆ ಕೊಡಿ. ಹೋಲಿಕೆ ನಿಜವಾದರೆ ಕ್ಲಾಸ್ ಸೇರುತ್ತದೆ, ಸುಳ್ಳಾದರೆ ಹೋಗುತ್ತದೆ. ಅಂಕಿ ತಿದ್ದಿ ಮತ್ತೆ ಓಡಿಸಿದಾಗ ಹಳೇ ಕೆಂಪು ಉಳಿಯುವುದಿಲ್ಲ.

ಪಾಂಡವಪುರದಿಂದ ಮತ್ತೆ:
ಅಂಕಿ ಎಲ್ಲಾ ಸರಿಹೋಯಿತು ಮೇಡಂ! ಆದರೆ ಒಂದು ಬಿಟ್ಟು ಒಂದು ಸಾಲು ಕೆಂಪಾಗುತ್ತಿಲ್ಲ. ಕ್ಲಾಸ್ ಸೇರಿರುವುದು ಇನ್‌ಸ್ಪೆಕ್ಟ್‌ನಲ್ಲಿ ಕಾಣುತ್ತಿದೆ.

ಉತ್ತರ:
ಸಾಲು ಬಿಟ್ಟು ಸಾಲಿಗೆ ಬೂದು ಬಣ್ಣ ಕೊಟ್ಟಿದ್ದೀರಿ, ಅದೂ ಟಿಡಿಗೆ (ಸೆಲ್‌ಗೆ), ಸರಿನಾ? ಟಿಡಿ ಬಣ್ಣ ಟಿಆರ್ ಬಣ್ಣದ ಮೇಲೆ ಕೂರುತ್ತದೆ. ಕೆಂಪು ಕೆಳಗೆ ಮುಚ್ಚಿಹೋಗಿದೆ. ಬೂದು ಬಣ್ಣವನ್ನು ಟಿಡಿಯಿಂದ ತೆಗೆದು ಟಿಆರ್‌ಗೆ ಕೊಡಿ. ಕೆಂಪಿನ ನಿಯಮದಲ್ಲಿ ಟೇಬಲ್‌ನ ಐಡಿಯನ್ನೂ ಸೇರಿಸಿ ಬರೆಯಿರಿ, ಆಗ ಅದೇ ಗೆಲ್ಲುತ್ತದೆ.

ಇನ್ನೊಂದು ಮಾತು. ಬಣ್ಣ ಒಂದನ್ನೇ ನಂಬಬೇಡಿ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದ ಜನ ಇದ್ದಾರೆ. ಗದ್ದೆ ಬದುವಿನ ಬಿಸಿಲಲ್ಲಿ ಫೋನ್ ಹಿಡಿದರೆ ತಿಳಿ ಕೆಂಪು ಯಾರಿಗೂ ಕಾಣುವುದಿಲ್ಲ. ಐದನೇ ಕಾಲಂ ಮಾಡಿ "ಇಳಿಕೆ" ಅಥವಾ "ಏರಿಕೆ" ಅಂತ ಬರೆಸಿ. ಎಷ್ಟು ಅಂತಲೂ ಹೇಳಬಹುದು. ಒಂದು ದಿನ ಪೂರ್ತಿ 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿದರೆ ಸುಮಾರು ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. 12,340ರಿಂದ 9,850 ಕಳೆದರೆ 2,490. ಅದನ್ನು 11,574ರಿಂದ ಭಾಗಿಸಿದರೆ 0.2 ಟಿಎಂಸಿಯಷ್ಟು ಏರಿಕೆ. ಆವಿಯಾಗಿ ಹೋಗುವುದು ಬೇರೆ ಇರುತ್ತದೆ, ಆದ್ದರಿಂದ "ಅಂದಾಜು" ಅಂತ ಹಾಕಿ. ತುಂಬಿದ ಕಟ್ಟೆ ಅಂದರೆ 124.80 ಅಡಿ, 49.45 ಟಿಎಂಸಿ. ಅದನ್ನೂ ಟೇಬಲ್ ಮೇಲೆ ಬರೆದಿಟ್ಟರೆ ರೈತರಿಗೆ ಅಳತೆ ಸಿಗುತ್ತದೆ.

ಕುವೆಂಪುನಗರದಿಂದ ಒಬ್ಬ ಶಿಕ್ಷಕರು:
ಮೇಡಂ, ನನ್ನದೂ ಇಂಥದ್ದೇ. ಮಕ್ಕಳ ಅಂಕಪಟ್ಟಿಯಲ್ಲಿ 35ಕ್ಕಿಂತ ಕಡಿಮೆ ಬಂದ ಸಾಲು ಹಳದಿ ಆಗಬೇಕು. ನಮ್ಮ ಪಟ್ಟಿಯಲ್ಲಿ ಇರುವುದು ಕನ್ನಡ ಅಂಕಿ. ಒಂದು ಸಾಲಿಗೂ ಬಣ್ಣ ಬರುತ್ತಿಲ್ಲ. ಇಂಗ್ಲಿಷ್ ಅಂಕಿಗೆ ಬದಲಾಯಿಸಲೇಬೇಕಾ?

ಉತ್ತರ:
ಬೇಡ ಸರ್, ದಯವಿಟ್ಟು ಬದಲಾಯಿಸಬೇಡಿ. ನಂಬರ್‌ಗೂ ಪಾರ್ಸ್‌ಫ್ಲೋಟ್‌ಗೂ ಕನ್ನಡ ಅಂಕಿ ಬರುವುದಿಲ್ಲ. ೨೮ ಕೊಟ್ಟರೆ "ನ್ಯಾನ್" ಅನ್ನುತ್ತದೆ, ಅಂದರೆ ಸಂಖ್ಯೆ ಅಲ್ಲ ಅಂತ. ನ್ಯಾನ್ ಇದ್ದಲ್ಲಿ ದೊಡ್ಡದಾ ಚಿಕ್ಕದಾ ಅಂತ ಹೇಗೆ ಕೇಳಿದರೂ ಉತ್ತರ ಸುಳ್ಳೇ. ಅದಕ್ಕೇ ಬಣ್ಣ ಇಲ್ಲ.

ದಾರಿ ಸುಲಭ ಇದೆ. ಯೂನಿಕೋಡ್‌ನಲ್ಲಿ ೦ಗೆ ಸಂಖ್ಯೆ 3302, ೯ಕ್ಕೆ 3311. ನಡುವಿನವು ಸಾಲಾಗಿ ಇವೆ. ರಿಪ್ಲೇಸ್‌ನಲ್ಲಿ ೦ಯಿಂದ ೯ರವರೆಗಿನ ಅಕ್ಷರಗಳನ್ನು ಹಿಡಿದು, ಪ್ರತಿಯೊಂದಕ್ಕೂ ಚಾರ್‌ಕೋಡ್‌ಆಟ್ ಕೊಡುವ ಯೂನಿಕೋಡ್ ಸಂಖ್ಯೆಯಿಂದ 3302 ಕಳೆಯಿರಿ. ೨ರದು 3304, ಕಳೆದರೆ 2. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಅಕ್ಷರ ಹುಡುಕುವ ನಮೂನೆ) ಅಂಕಿ ಹಿಡಿಯುವ ಬ್ಯಾಕ್‌ಸ್ಲಾಶ್ ಡಿ ಇಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೆ ಗೊತ್ತಿರುವುದು 0ಯಿಂದ 9 ಮಾತ್ರ. ೦-೯ ಅಂತಲೇ ಚೌಕ ಕಂಸದಲ್ಲಿ ಬರೆಯಿರಿ, ಕೊನೆಗೆ ಜಿ ಮರೆಯಬೇಡಿ, ಇಲ್ಲದಿದ್ದರೆ ಮೊದಲ ಅಂಕಿ ಮಾತ್ರ ಬದಲಾಗುತ್ತದೆ. ಪರದೆ ಮೇಲೆ ಕನ್ನಡ ಅಂಕಿ ಹಾಗೇ ಇರುತ್ತದೆ. ಬದಲಾಗುವುದು ಲೆಕ್ಕಕ್ಕೆ ಮಾತ್ರ.

ಪರಿವರ್ತನೆ ಬಿಟ್ಟು, ೩೫ ಅಂತ ಬರೆದು ಅಕ್ಷರವಾಗಿಯೇ ಹೋಲಿಸಲು ಹೋಗಬೇಡಿ ಸರ್. ೯ ಅಂಕ ಬಂದ ಮಗುವನ್ನು ಅದು ೩೫ಕ್ಕಿಂತ ಮೇಲೆ ಅಂದುಕೊಳ್ಳುತ್ತದೆ. ಎಲ್ಲರಿಗಿಂತ ಮೊದಲು ನಿಮ್ಮ ಕಣ್ಣಿಗೆ ಬೀಳಬೇಕಾದ ಮಗುವೇ ತಪ್ಪಿಹೋಗುತ್ತದೆ. "ಗೈರು" ಅಂತ ಬರೆದ ಸೆಲ್‌ಗಳಿಗೆ ಬೇರೆ ಬಣ್ಣ ಕೊಡಿ, ಸೊನ್ನೆ ಮಾಡಬೇಡಿ. ಒಂದು ಸಾಲಿನಲ್ಲಿ ೯, ಒಂದರಲ್ಲಿ ೩೫, ಒಂದರಲ್ಲಿ ಗೈರು, ಒಂದು ಖಾಲಿ. ಈ ನಾಲ್ಕನ್ನು ಇಟ್ಟು ಒಮ್ಮೆ ಓಡಿಸಿ ನೋಡಿ. ಬಂದದ್ದನ್ನು ಇಲ್ಲೇ ಹಾಕಿ, ನೋಡುತ್ತೇನೆ.