ಪದಚರ್ಚೆ: ರೋಡ್, ಟ್ರ್ಯಾಕ್, ಕೆಸರು ಎಲ್ಲಾ ಕಡೆ ಸೈಕಲ್ ಹೊಡಿಯೋರಿಗೆ ಕನ್ನಡದಾಗ ಏನಂತಾರ?

ವಿಜಯಪುರದಿಂದ:

ಎಲ್ಲಾರಿಗೂ ನಮಸ್ಕಾರ್ರಿ. ಒಂದು ಪದ ಅರ್ಜೆಂಟ್ ಬೇಕಾಗ್ಯದ. ಇಲ್ಲಿ ಸೈಕಲ್ ಕಲಿಯೋ ಹುಡುಗ್ರು ಕೂಡೋ ಹಾಲಿನ ಗ್ವಾಡಿ ಮ್ಯಾಲ ದೊಡ್ಡ ಸೈಕ್ಲಿಸ್ಟ್‌ಗಳ ಪರಿಚಯ ಬರಸ್ಲಿಕತ್ತೀವಿ, ಸೋಮವಾರ ಪೇಂಟರ್ ಬರ್ತಾನ, ಅಷ್ಟರಾಗ ಕನ್ನಡ ಫೈನಲ್ ಆಗ್ಬೇಕು. ನನ್ನ ಪಾಲಿಗೆ ಬಂದವರು ನೆದರ್ಲೆಂಡ್ಸಿನ ಮರಿಯಾನ ವೋಸ್. ಇವರು ರೋಡ್ ರೇಸಿನಾಗ 2006, 2012, 2013ರಲ್ಲಿ ವಿಶ್ವ ಚಾಂಪಿಯನ್, ಕೆಸರು ಉಸುಕಿನ ಸೈಕ್ಲೋಕ್ರಾಸ್‌ನಾಗ ಎಂಟು ಸಲ, ಟ್ರ್ಯಾಕ್ ಮ್ಯಾಲ 2008ರ ಬೀಜಿಂಗ್ ಒಲಿಂಪಿಕ್ಸ್ ಪಾಯಿಂಟ್ಸ್ ರೇಸ್ ಬಂಗಾರ, ಮುಂದ 2012ರಾಗ ಲಂಡನ್‌ನ ಮಳಿಯೊಳಗ ರೋಡ್ ರೇಸ್ ಬಂಗಾರ, 2024ರಾಗ ಗ್ರಾವೆಲ್ ಅಂದ್ರ ಕಡಿ ರಸ್ತೆ ರೇಸಿನ ವಿಶ್ವ ಪಟ್ಟನೂ ತಗೊಂಡ್ರು.

ಮೂಲದಾಗ ಇವರಿಗೆ 'ಮಲ್ಟಿ ಡಿಸಿಪ್ಲಿನ್ ಸೈಕ್ಲಿಸ್ಟ್' ಅಂತ ಅದ. ಕರಡಿನಾಗ ಯಾರೋ 'ಬಹುಶಿಸ್ತಿನ ಸೈಕ್ಲಿಸ್ಟ್' ಅಂತ ಬರದಾರ, ಅದನ್ನ ಓದಿದ್ರ ಟೈಮಿಗೆ ಸರಿಯಾಗಿ ಏಳ್ತಾರ ಮಲಗ್ತಾರ ಅನ್ನೋ ಅರ್ಥ ಬರ್ತದ. 'ವಿಭಾಗ' ಹಾಕೋಣಂದ್ರ ನಮ್ಮ ಹುಡುಗ್ರಿಗೆ ವಿಭಾಗ ಅಂದ್ರ ಅಂಡರ್ 14, ಅಂಡರ್ 16, ಜೂನಿಯರ್. 'ಹಲವು ವಿಭಾಗಗಳ ಚಾಂಪಿಯನ್' ಅಂದ್ರ ಸಣ್ಣಾಕಿ ಇದ್ದಾಗಿಂದ ಎಲ್ಲಾ ವಯಸ್ಸಿನ ಗುಂಪಿನಾಗ ಗೆದ್ದಾರ ಅಂತ ತಿಳಕೊಳ್ತಾವ. ದಯವಿಟ್ಟು ಬೇಗ ಹೇಳ್ರಿ.

ಬಾಗಲಕೋಟೆಯಿಂದ, ನಿವೃತ್ತ ಶಿಕ್ಷಕರು:

ಸವ್ಯಸಾಚಿ. ಇದಕ್ಕಿಂತ ಒಳ್ಳೆಯ ಪದ ಇಲ್ಲ. ಎರಡೂ ಕೈಯಿಂದ ಬಾಣ ಬಿಡಬಲ್ಲ ಅರ್ಜುನನ ಹೆಸರು, ಈಗ ಹಲವು ಕ್ಷೇತ್ರಗಳಲ್ಲಿ ಪಳಗಿದವರಿಗೆಲ್ಲ ಬಳಸುತ್ತೇವೆ. 'ಸೈಕ್ಲಿಂಗ್ ಸವ್ಯಸಾಚಿ ಮರಿಯಾನ ವೋಸ್' ಎಂದು ಬರೆಸಿರಿ, ಗೋಡೆಯೂ ಶೋಭಿಸುತ್ತದೆ. ಇನ್ನು 'ಸೈಕಲ್' ಎಂಬುದನ್ನು ಪರಕೀಯ ಎಂದು ಯಾರೂ ಜರಿಯಬೇಕಿಲ್ಲ, ಗ್ರೀಕಿನ ಕುಕ್ಲೋಸ್ ಮತ್ತು ಸಂಸ್ಕೃತದ ಚಕ್ರ ಒಂದೇ ಬೇರಿನವು.

ಧಾರವಾಡದಿಂದ:

ಚಕ್ರನೂ ಕನ್ನಡದ್ದಲ್ಲ, ಸವ್ಯಸಾಚಿನೂ ಕನ್ನಡದ್ದಲ್ಲ. ಬೇರು ಒಂದೇ ಅಂದ್ರ ನಮ್ಮದಾಗಂಗಿಲ್ಲ. ಕನ್ನಡದಾಗ 'ಬಗೆ' ಅಂತ ಪದ ಐತಿ, 'ತುಳಿ' ಅಂತ ಧಾತು ಐತಿ. ಹಲಬಗೆ ತುಳಿಗ. ಹೆಣ್ಣಿಗೆ ಹಲಬಗೆ ತುಳಿಗಿತ್ತಿ. ಮುಗೀತು.

ಬಾಗಲಕೋಟೆಯಿಂದ, ನಿವೃತ್ತ ಶಿಕ್ಷಕರು:

ಮುಗಿದಿಲ್ಲ. ಓದುಗ, ಕೇಳುಗ, ನೋಡುಗ, ಇವೆಲ್ಲ ಉಕಾರಾಂತ ಧಾತುಗಳು. ಕನ್ನಡಿಗ, ಗಾಣಿಗ ಎಂಬಲ್ಲಿ 'ಇಗ' ನಾಮಪದಕ್ಕೆ ಹತ್ತಿದೆ. ತುಳಿ ಇವೆರಡರಲ್ಲೂ ಕೂರುವುದಿಲ್ಲ. ಮಕ್ಕಳ ಕಣ್ಣೆದುರು ವರ್ಷಗಟ್ಟಲೆ ಇರುವ ಗೋಡೆಯ ಮೇಲೆ ಪ್ರಯೋಗ ಮಾಡಬೇಡಿ.

ಬೆಳಗಾವಿಯಿಂದ:

ಸರ್, ಪದಕ್ಕಿಂತ ಮೊದಲ ವಿಷಯ ಏನೈತಿ ನೋಡೂನ್ರಿ. ನಾನು ಸೈಕ್ಲಿಂಗ್ ಭಾಳ ವರ್ಷದಿಂದ ಫಾಲೋ ಮಾಡಾಕತ್ತೇನಿ. ಇನ್ನ ಯಾರಾದ್ರೂ ಆಲ್‌ರೌಂಡರ್ ಅನ್ನೂಕಿಂತ ಮೊದಲ ಹೇಳಿಬಿಡ್ತೇನಿ, ಅದು ಬ್ಯಾಡ್ರಿ. ಕ್ರಿಕೆಟ್ಟಿನಾಗ ಅದು ಬೌಲಿಂಗ್ ಬ್ಯಾಟಿಂಗ್ ಎರಡೂ ಮಾಡಾವ, ಆದ್ರ ಸೈಕ್ಲಿಂಗ್‌ನಾಗ ಆಲ್‌ರೌಂಡರ್ ಅಂದ್ರ ರೋಡ್ ರೇಸಿನ ಒಳಗನ ಗುಡ್ಡಾನೂ ಏರಾವ, ಒಬ್ಬೊಬ್ಬರ ಗಡಿಯಾರ ನೋಡಿ ಹೊಡಿಯೋ ಟೈಮ್ ಟ್ರಯಲ್‌ನಾಗೂ ಜೋರ್ ಇರಾವ, ಅಂದ್ರ ಟೂರ್‌ನಂಥ ಹಲವು ದಿನದ ರೇಸ್ ಗೆಲ್ಲೋ ಜಾತಿಯವ. ಅದು ಒಂದ ಡಿಸಿಪ್ಲಿನ್.

ಡಿಸಿಪ್ಲಿನ್ ಬ್ಯಾರೆ ಅಂದ್ರ ಸೈಕಲ್ಲ ಬ್ಯಾರೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರಂಗಿಲ್ಲ, ಫ್ರೀವ್ಹೀಲ್ ಇರಂಗಿಲ್ಲ, ಕಾಲು ನಿಲ್ಲಸಾಕ ಬರಂಗಿಲ್ಲ. ಸೈಕ್ಲೋಕ್ರಾಸ್‌ನಾಗ ಕೆಸರು, ಉಸುಕು, ಮೆಟ್ಟಲಾ, ಅಡ್ಡ ಹಲಗಿ, ಇಳದು ಸೈಕಲ್ ಹೆಗಲ ಮ್ಯಾಲ ಹೊತಗೊಂಡು ಓಡಬೇಕು, ಮತ್ತ ಹಾರಿ ಹತ್ತಬೇಕು, ಒಂದು ತಾಸಿನ ಆಸುಪಾಸು ಉಸರ ಬಿಡಾಕ ಪುರಸೊತ್ತಿಲ್ಲ. ಪಾಯಿಂಟ್ಸ್ ರೇಸಿನಾಗ ಹತ್ತು ಸುತ್ತಿಗೊಮ್ಮೆ ಸ್ಪ್ರಿಂಟ್, 5, 3, 2, 1 ಅಂತ ಅಂಕ, ಮುಖ್ಯ ಗುಂಪಿಗಿಂತ ಒಂದು ಸುತ್ತು ಮುಂದ ಹೋದ್ರ 20 ಅಂಕ, ತಲಿಯೊಳಗ ಲೆಕ್ಕ ಹಿಡಕೊಂಡ ಹೊಡೀಬೇಕು. ಇದೆಲ್ಲಾ ಒಬ್ಬಾಕಿನ ಮಾಡ್ಯಾಳ ಅನ್ನೂದ ಇಲ್ಲಿ ಸುದ್ದಿ. ಅದೂ 2006ರಾಗ, 19 ವರ್ಷ ತುಂಬೂಕಿಂತ ಮೊದಲ ಸೈಕ್ಲೋಕ್ರಾಸ್ ಪಟ್ಟ, ಅದ ವರ್ಷ ರೋಡ್ ಪಟ್ಟ. ಆಮ್ಯಾಲ 2007ರಿಂದ 2011ರ ತನಕ ರೋಡ್ ವಿಶ್ವ ಚಾಂಪಿಯನ್‌ಶಿಪ್‌ನಾಗ ಸಾಲಾಗಿ ಐದು ಸಲ ಬೆಳ್ಳಿ, ಆರನೇ ಸಲ ತಮ್ಮ ದೇಶದಾಗ, ವಾಲ್ಕೆನ್‌ಬರ್ಗ್‌ನಾಗ, ಬಂಗಾರ. ಗ್ವಾಡಿ ಮ್ಯಾಲ ಆ ಐದು ಬೆಳ್ಳಿನೂ ಬರಸ್ರಿ, ಸೋತು ಬಂದ ಹುಡುಗ್ರು ಅದನ್ನ ಓದಬೇಕು.

ನನ್ನ ಓಟು 'ಪ್ರಕಾರ'ಕ್ಕ. ಸಾಹಿತ್ಯ ಪ್ರಕಾರ, ಸಂಗೀತ ಪ್ರಕಾರ ಅಂತೀವಲ್ಲ, ಹಂಗ.

ಧಾರವಾಡದಿಂದ:

ಪ್ರಕಾರ ಸಂಸ್ಕೃತ. ಬಗೆ ಯಾಕ ಆಗಂಗಿಲ್ಲ?

ಬೆಳಗಾವಿಯಿಂದ:

'ಸೈಕಲ್ ಬಗೆ' ಅಂದ್ರ ಅಂಗಡಿಯಾಗ ಮಾರೋ ಸೈಕಲ್ ತರಾವರಿ ಅನಸ್ತೈತ್ರಿ. ಅಷ್ಟ.

ಜಮಖಂಡಿಯಿಂದ:

ನಡುವ ಬಾಯಿ ಹಾಕ್ತೀನಿ, ತಪ್ಪು ತಿಳೀಬ್ಯಾಡ್ರಿ. ನಮ್ಮ ಕಡೆ ಜಾತ್ರ್ಯಾಗ ಸೈಕಲ್ ರೇಸ್ ಅನ್ನಂಗಿಲ್ಲ, ಸೈಕಲ್ ಶರ್ಯತ್ತು ಅಂತಾರ. ಚಕ್ಕಡಿ ಶರ್ಯತ್ತು, ಕುದುರಿ ಗಾಡಿ ಶರ್ಯತ್ತು ಇದ್ದಂಗ. ಈ ಪದ ಮರಾಠಿ ಕಡಿಂದ ಬಂದದ್ದು, ಅದರ ಬೇರು ಅರಬ್ಬಿ 'ಶರ್ತ್', ಕರಾರು ಅನ್ನೋ 'ಶರತ್ತು' ಅದರ ಅಣ್ಣತಮ್ಮ. ಹಂಗಂತ ಅದು ನಮ್ಮ ಪದ ಅಲ್ಲೇನು? ಧಾರವಾಡದ ಸಾಹೇಬರು ಸಂಸ್ಕೃತ ಬ್ಯಾಡ ಅಂತಾರ, ಬಾಗಲಕೋಟೆ ಗುರುಗಳು ಸಂಸ್ಕೃತನ ಬೇಕಂತಾರ, ಇಬ್ಬರೂ ಹಳ್ಳ್ಯಾಗ ಮಂದಿ ಏನಂತಾರ ಅಂತ ಕೇಳವಲ್ರಿ. ಆದಿಲ್‌ಶಾಹಿ ಕಾಲದಿಂದ ಸವಾರ, ದರವಾಜ ಎಲ್ಲಾ ಪಾರ್ಸಿ ಇಲ್ಲಿ ಬಾಯಾಗ ಕರಗಿ ಹೋಗ್ಯಾವ, ಗೋಳಗುಮ್ಮಟದ ಊರಿನ ಗ್ವಾಡಿ ಮ್ಯಾಲ 'ಸವಾರ' ಬರದ್ರ ಯಾವ ಕನ್ನಡ ಕೆಡ್ತೈತಿ? ರೋಡ್ ಶರ್ಯತ್ತು, ಟ್ರ್ಯಾಕ್ ಶರ್ಯತ್ತು, ಕೆಸರಿನ ಶರ್ಯತ್ತು ಅಂತ ಬರೀರಿ, ಓದಿದ ಕೂಸಿಗೂ ತಿಳೀತೈತಿ.

ಧಾರವಾಡದಿಂದ:

ಕರಗಿದ್ದಕ್ಕ ನನ್ನ ತಕರಾರಿಲ್ಲ. ಹೊಸದಾಗಿ ಪದ ಕಟ್ಟೋ ಮುಂದ ಸ್ವಂತ ಮನಿ ಸಾಮಾನು ಮೊದಲು ನೋಡಬೇಕು ಅನ್ನೂದು ನನ್ನ ವಾದ, ಅದು ಬದಲಾಗಂಗಿಲ್ಲ. ಇಂಗ್ಲಿಷ್ ಮಾತಿಗೆ ಪ್ರತಿ ಸಲ ಸಂಸ್ಕೃತ ಹುಡುಕಿ ಹುಡುಕಿ ಕನ್ನಡದ ಪ್ರತ್ಯಯಗಳ ಕೈ ಕಟ್ಟಿ ಹಾಕೀವಿ. ತುಳಿಗ ಇವತ್ತು ಕಿವಿಗೆ ಒರಟು, ಬಳಸಿದ್ರ ನಯ ಆಗ್ತೈತಿ.

ಬಾಗಲಕೋಟೆಯಿಂದ, ನಿವೃತ್ತ ಶಿಕ್ಷಕರು:

ಬಳಸಿದರೆ ತಾನೇ. ಜಮಖಂಡಿಯವರಿಗೆ ಒಂದು ಮಾತು: ಶರ್ಯತ್ತು ಎಂದರೆ ಒಂದು ಓಟ, ಒಂದು ಪಂದ್ಯ. ಕೇಳಿದ್ದು ಪಂದ್ಯಗಳ ಕುಲಕ್ಕೆ ಹೆಸರು. ಟ್ರ್ಯಾಕ್ ಎಂಬ ಒಂದೇ ಕುಲದಲ್ಲಿ ಸ್ಕ್ರಾಚ್, ಪಾಯಿಂಟ್ಸ್, ಕೀರಿನ್ ಎಂದು ಹಲವು ಶರ್ಯತ್ತುಗಳಿವೆ ಎಂದು ಓದಿದ್ದೇನೆ. ಆದ್ದರಿಂದ ಪ್ರಕಾರ ಎಂಬುದನ್ನು ನಾನೂ ಒಪ್ಪುತ್ತೇನೆ, ಸವ್ಯಸಾಚಿ ಶೀರ್ಷಿಕೆಗಿರಲಿ.

ವಿಜಯಪುರದಿಂದ:

ಎಲ್ಲಾರಿಗೂ ಶರಣ್ರಿ. ಸವ್ಯಸಾಚಿ ಬಿಟ್ಟೀನಿ ಗುರುಗಳೇ, ಎರಡು ಕೈ ಅನ್ನೋ ಅರ್ಥದಾಗ ಎರಡಕ್ಕ ನಿಂತುಬಿಡ್ತದ, ಇವರದು ನಾಕು ಪ್ರಕಾರ. ಈಗ ಹಿಂಗ ಬರದೀನಿ: 'ಮರಿಯಾನ ವೋಸ್, ಜನನ 1987, ನೆದರ್ಲೆಂಡ್ಸ್. ರೋಡ್, ಟ್ರ್ಯಾಕ್, ಸೈಕ್ಲೋಕ್ರಾಸ್, ಗ್ರಾವೆಲ್, ಸೈಕ್ಲಿಂಗ್‌ನ ನಾಲ್ಕೂ ಪ್ರಕಾರಗಳಲ್ಲಿ ವಿಶ್ವ ಚಾಂಪಿಯನ್.' ಕೆಳಗ ಸಣ್ಣ ಅಕ್ಷರದಾಗ ಒಂದೊಂದು ಪ್ರಕಾರದ ಶರ್ಯತ್ತುಗಳು, ಹೌದು, ಅಲ್ಲಿ ಶರ್ಯತ್ತು ಅಂತನ ಬರಸ್ತೀನಿ. ಐದು ಬೆಳ್ಳಿಗೂ ಒಂದು ಸಾಲು ಅದ.

ಬೆಳಗಾವಿಯಿಂದ:

'ನಾಲ್ಕೂ' ತಗೀರಿ, 'ನಾಲ್ಕು' ಮಾಡ್ರಿ. ಇರೋದ ನಾಕು ಅಂತ ಹುಡುಗ್ರು ತಿಳಕೊಳ್ತಾರ. ಮೌಂಟನ್ ಬೈಕ್ ಐತಿ, ಬಿಎಂಎಕ್ಸ್ ಐತಿ.

ವಿಜಯಪುರದಿಂದ:

ತಗದೆ. ಪೇಂಟರ್‌ಗೆ ಕಳಸ್ಲಿಕತ್ತೀನಿ.